ಡೋವರಿನಿಂದ ಫ್ರಾನ್ಸಿಗೆ, ಗಂಟೆಗೊಬ್ಬರಂತೆ

ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಇರುವ ಕಡಲು, ಇಂಗ್ಲಿಷ್ ಕಾಲುವೆ. ಅದನ್ನು ಈಜಿ ದಾಟಲು ದಿನ ಗೊತ್ತು ಮಾಡಿಕೊಂಡು ಹೋಗಲು ಆಗುವುದಿಲ್ಲ. ವಾರ ಗೊತ್ತು ಮಾಡಬಹುದು, ಅಷ್ಟೇ. ಉಬ್ಬರವಿಳಿತದ ಸೆಳೆತ ಕಡಿಮೆ ಇರುವ ವಾರ ನೋಡಿ, ಜೊತೆಗೆ ಬರುವ ಬೋಟು ಬುಕ್ ಮಾಡಬೇಕು. ಆಮೇಲೆ ಇಂಗ್ಲೆಂಡಿನ ದಡದ ಡೋವರಿಗೆ ಹೋಗಿ, ಗಾಳಿ ತಗ್ಗಲಿ ಅಂತ ಕೂತಿರಬೇಕು. ಬೋಟಿನ ಪೈಲಟ್ ಫೋನ್ ಮಾಡಿ ‘ಇವತ್ತು ರಾತ್ರಿ ಬನ್ನಿ’ ಅಂದರೆ ರಾತ್ರಿಯೇ ಹೊರಡಬೇಕು.

ನಮ್ಮದು ಆರು ಜನರ ರಿಲೇ ತಂಡ. ನಾನು ಶ್ರೀರಂಗಪಟ್ಟಣದವನು. ಧಾರವಾಡದ ಡಾಕ್ಟರು, ಶಿವಮೊಗ್ಗದ ಗೆಳೆಯ, ಮಂಗಳೂರಿನ ಹುಡುಗಿ, ಜೊತೆಗೆ ಅವಳ ಆಫೀಸಿನ ಇಬ್ಬರು ಇಂಗ್ಲಿಷ್ ಗೆಳತಿಯರು. ನಾವು ಇರುವ ಊರಿನ ಹಾಸ್ಪೈಸಿಗೆ, ಅಂದರೆ ವಾಸಿಯಾಗದ ಕಾಯಿಲೆಯವರನ್ನು ಕೊನೆಯವರೆಗೂ ನೋಡಿಕೊಳ್ಳುವ ಮನೆಗೆ, ಹಣ ಕೂಡಿಸಲು ಈ ಸಾಹಸ. ಇಂಗ್ಲೆಂಡಿನಲ್ಲಿ ಇಂಥ ಮನೆಗಳಿಗೆ ಸರ್ಕಾರದ ದುಡ್ಡು ಸಾಲುವುದಿಲ್ಲ. ಜನರ ಕೊಡುಗೆಯಿಂದಲೇ ಬಹುಪಾಲು ನಡೆಯಬೇಕು.

‘ಬೋಟಿಗೆ ಸಾವಿರಾರು ಪೌಂಡ್ ಸುರಿಯುವ ಬದಲು ಅದನ್ನೇ ಕೊಟ್ಟುಬಿಡಬಾರದಾ?’ ಅಂತ ನಮ್ಮ ಮಾವ ಫೋನಿನಲ್ಲಿ ಕೇಳಿದ್ದರು. ಕೇಳುವ ಮಾತೇ. ಬೋಟಿನ ಖರ್ಚು ನಾವೇ ಹಂಚಿಕೊಂಡೆವು, ಬಂದ ದೇಣಿಗೆಯೆಲ್ಲ ಹಾಸ್ಪೈಸಿಗೆ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಆದರೂ ನನಗನ್ನಿಸುವುದು ಇಷ್ಟು: ಸುಮ್ನೆ ಕೇಳಿದರೆ ಹತ್ತು ಪೌಂಡ್ ಕೊಡದವರೂ, ನಾವು ನಡುಗುತ್ತೇವೆ ಅಂದರೆ ಐವತ್ತು ಕೊಡುತ್ತಾರೆ. ಮನುಷ್ಯರು ಹೀಗೇ.

ನಿಯಮಗಳು ಬಿಗಿ. ಒಬ್ಬೊಬ್ಬರು ಒಂದು ಗಂಟೆ ಈಜಬೇಕು. ಸರದಿ ತಪ್ಪುವಂತಿಲ್ಲ, ಬದಲಾಗುವಂತಿಲ್ಲ. ಮೈ ಬೆಚ್ಚಗಿಡುವ ರಬ್ಬರ್ ಉಡುಪು, ವೆಟ್‌ಸೂಟ್ ಇಲ್ಲ, ಮಾಮೂಲಿ ಈಜುಡುಪು, ಟೋಪಿ, ಕನ್ನಡಕ ಮಾತ್ರ. ಬೋಟು ಮುಟ್ಟುವಂತಿಲ್ಲ. ಒಬ್ಬರು ‘ನನ್ನ ಕೈಲಾಗಲ್ಲ’ ಅಂದರೆ ಆರೂ ಜನರ ಈಜು ಅಲ್ಲಿಗೇ ಮುಗಿಯಿತು. ಇದನ್ನೆಲ್ಲ ಬರೆದುಕೊಳ್ಳಲು ಬೋಟಿನಲ್ಲಿ ಒಬ್ಬ ಅಬ್ಸರ್ವರ್ ಕೂತಿರುತ್ತಾರೆ. ಅದಕ್ಕೂ ಮೊದಲು, 16 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಎರಡು ಗಂಟೆ ಈಜಿ ತೋರಿಸಿರಬೇಕು. ಮೇ ತಿಂಗಳಿನಿಂದಲೇ ಡೋವರ್ ಬಂದರಿನ ಒಳಗೆ ಅಭ್ಯಾಸ ಮಾಡುತ್ತಿದ್ದೆವು. ಡಾಕ್ಟರು ಚಿಕ್ಕವರಿದ್ದಾಗ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು. ಮೊದಲ ಸಲ ಇಳಿದಾಗ ‘ಯಪ್ಪಾ, ಇದೇನ್ ನೀರೋ ಬರ್ಫೋ!’ ಅಂತ ಕೂಗಿದ್ದು ದಡದಲ್ಲಿದ್ದವರಿಗೆಲ್ಲ ಕೇಳಿಸಿತು.

ನಾವು ಹೊರಟಿದ್ದು ಬೆಳಗಿನ ಜಾವ 3ಕ್ಕೆ, ಸ್ಯಾಂಫೈರ್ ಹೋ ಎಂಬಲ್ಲಿಂದ. ಬಿಳಿ ಸುಣ್ಣದ ಬಂಡೆಗಳ ಕೆಳಗಿನ ಈ ನೆಲ, ಕಾಲುವೆಯ ತಳದಡಿಯ ಚಾನೆಲ್ ಸುರಂಗ ತೋಡಿದಾಗ ಬಂದ ಮಣ್ಣನ್ನು ಸುರಿದು ಮಾಡಿದ್ದು. ಆ ಸುರಂಗದ ರೈಲು ಕಾರುಗಳನ್ನು ಹೊತ್ತುಕೊಂಡು 35 ನಿಮಿಷಕ್ಕೆ ಫ್ರಾನ್ಸ್ ಮುಟ್ಟಿಸುತ್ತದೆ. ನಾವು ಮೇಲಿನಿಂದ ಹೋಗುವವರು! ಮೊದಲ ಸರದಿಯ ಶಿವಮೊಗ್ಗದವನು ಕಂಕುಳಿಗೆ, ಕತ್ತಿಗೆ ವ್ಯಾಸಲಿನ್ ಬಳಿದುಕೊಂಡು, ಟೋಪಿಗೊಂದು ಪುಟ್ಟ ದೀಪ ಸಿಕ್ಕಿಸಿಕೊಂಡು ಕತ್ತಲಿಗೆ ಹಾರಿದ. ಅವನು ದಡಕ್ಕೆ ಹೋಗಿ ನಿಂತ ಮೇಲೆ ಬೋಟಿನ ಹಾರ್ನ್ ಆಯಿತು. ಈಜು ಶುರು.

ನನ್ನದು ಮೂರನೇ ಸರದಿ, 5 ಗಂಟೆಗೆ. ಹೊಸಬರು ಹಿಂದಿನಿಂದ ಹಾರಿ, ಈಜುತ್ತಿರುವವರನ್ನು ದಾಟಿ ಮುಂದೆ ಹೋಗಬೇಕು, ಆಗಲೇ ಅವರಿಗೆ ಬಿಡುಗಡೆ. ನೀರು 17 ಡಿಗ್ರಿ ಇತ್ತು. ಹತ್ತು ನಿಮಿಷ ಉಸಿರು ಹಿಡಿತಕ್ಕೆ ಬರಲಿಲ್ಲ, ಆಮೇಲೆ ಚಳಿ ಮರೆಯಿತು. ಬಲಗಡೆ ಬೋಟಿನ ದೀಪ, ಎಡಗಡೆ ನಿಧಾನವಾಗಿ ಬೆಳಗಾಗುತ್ತಿರುವ ಆಕಾಶ. ನಿಜ ಹೇಳಬೇಕೆಂದರೆ ಆ ಒಂದು ಗಂಟೆ ಸೊಗಸಾಗಿತ್ತು.

ಕಷ್ಟ ಇದ್ದದ್ದು ಬೋಟಿನಲ್ಲಿ. ಈಜುವವರ ವೇಗಕ್ಕೆ ತಕ್ಕಂತೆ ಆಮೆ ಹೆಜ್ಜೆ ಹಾಕುವ ಬೋಟು ಅಲೆಗೆ ಎಡಕ್ಕೂ ಬಲಕ್ಕೂ ಹೊರಳುತ್ತಲೇ ಇರುತ್ತದೆ. ಡೀಸೆಲ್ ವಾಸನೆ ಬೇರೆ. ಮಂಗಳೂರಿನ ಹುಡುಗಿ, ಕಡಲಿನ ಪಕ್ಕದಲ್ಲೇ ಹುಟ್ಟಿ ಬೆಳೆದವಳು, ಮೊದಲು ಮಲಗಿದ್ದು ಅವಳೇ. ‘ಎಂತ ಮಾರಾಯ್ರೇ ಇದು, ನನ್ನನ್ನು ನೀರಿಗೇ ಹಾಕಿಬಿಡಿ’ ಅಂತ ಗೋಗರೆದಳು. ಶುಂಠಿ ಚೂರು, ಮಾತ್ರೆ ಯಾವುದೂ ನಿಲ್ಲಲಿಲ್ಲ. ಡಬ್ಬಿ ತುಂಬ ತಂದಿದ್ದ ಚಿತ್ರಾನ್ನವನ್ನು ಪೈಲಟ್ ಮತ್ತು ಅಬ್ಸರ್ವರ್ ಚಪ್ಪರಿಸಿಕೊಂಡು ತಿಂದರು. ಅವಳು ಮಾತ್ರ ಸರದಿ ಬಂದಾಗಲೆಲ್ಲ ಎದ್ದು, ಬಕೆಟ್ ಪಕ್ಕಕ್ಕಿಟ್ಟು, ಹಾರುತ್ತಿದ್ದಳು. ನೀರಿಗಿಳಿದ ತಕ್ಷಣ ವಾಕರಿಕೆ ನಿಲ್ಲುತ್ತಿತ್ತಂತೆ. ನಮ್ಮ ತಂಡದಲ್ಲಿ ನಿಜವಾದ ಈಜು ಅಂದರೆ ಅವಳದೇ.

ಎರಡನೇ ಸಲ ಇಳಿಯುವುದು ಮೊದಲಿನದಕ್ಕಿಂತ ಜಾಸ್ತಿ ಕಷ್ಟ. ಒದ್ದೆ ಈಜುಡುಪು, ಬಿಸಿಯೇರದ ಮೈ, ನೀರು ಎಷ್ಟು ಕೊರೆಯುತ್ತದೆ ಅಂತ ಈಗ ಗೊತ್ತಿದೆ. ಈ ಕಾಲುವೆಯಲ್ಲಿ ದಿನಕ್ಕೆ 400ಕ್ಕೂ ಹೆಚ್ಚು ಹಡಗುಗಳು ಓಡಾಡುತ್ತವೆ. ದೂರದಲ್ಲಿ ಹೋದ ಕಂಟೇನರ್ ಹಡಗಿನ ಅಲೆ ಎಷ್ಟೋ ಹೊತ್ತಿನ ಮೇಲೆ ಬಂದು ಎತ್ತಿ ಹಾಕಿತು. ಲೋಳೆಮೀನು ಒಂದು ಮುಂಗೈಗೆ ಸವರಿಕೊಂಡು ಹೋಯಿತು, ಚುರುಕ್ ಅಂತು.

ನಮ್ಮ ಬೋಟು ಎಲ್ಲಿದೆ ಅಂತ ಇಂಟರ್‌ನೆಟ್ಟಿನಲ್ಲಿ ನೋಡಬಹುದಿತ್ತು. ಊರಿನಲ್ಲಿ ಬೆಳಗಿನ ಕಾಫಿಯಿಂದಲೇ ಎಲ್ಲರೂ ನೋಡುತ್ತಿದ್ದರು. ‘ಯಾಕೋ ಸೊಟ್ಟಕ್ಕೆ ಹೋಗ್ತಿದ್ದೀರಿ?’ ಅಂತ ಅಮ್ಮನ ಮೆಸೇಜು. ಡೋವರಿನಿಂದ ಫ್ರಾನ್ಸಿನ ಗ್ರಿ ನೇ ಭೂಶಿರಕ್ಕೆ ನೇರ ದಾರಿ ಸುಮಾರು 33 ಕಿಲೋಮೀಟರ್. ಆದರೆ ಸೆಳೆತ ಆರು ಗಂಟೆ ಈ ಕಡೆ, ಆರು ಗಂಟೆ ಆ ಕಡೆ ಎಳೆಯುತ್ತದೆ. ಯಾರೂ ನೇರ ಹೋಗಲಾರರು. 1875ರಲ್ಲಿ ಮೊದಲ ಬಾರಿಗೆ ಈಜಿ ದಾಟಿದ ಮ್ಯಾಥ್ಯೂ ವೆಬ್‌ಗೆ 21 ಗಂಟೆ 45 ನಿಮಿಷ ಹಿಡಿದದ್ದಕ್ಕೂ ಇದೇ ಸೆಳೆತ ಕಾರಣ. ನಮ್ಮ ದೇಶದವರೇ ಆದ ಮಿಹಿರ್ ಸೇನ್ 1958ರಲ್ಲಿ, ಮರುವರ್ಷ ಆರತಿ ಸಾಹಾ ಒಬ್ಬೊಬ್ಬರೇ ದಾಟಿದರು. ಆರತಿಗೆ ಆಗ 19 ವರ್ಷ, ಅದೂ ಒಂದು ಸಲ ಸೋತ ಮೇಲೆ. ಆರು ಜನ ಹಂಚಿಕೊಂಡು ಮಾಡುತ್ತಾ ನರಳುತ್ತಿದ್ದ ನಾವು ಆ ಮಾತು ಜಾಸ್ತಿ ಎತ್ತಲಿಲ್ಲ.

ಫ್ರಾನ್ಸ್ ಮಧ್ಯಾಹ್ನದಿಂದಲೇ ಕಾಣುತ್ತಿತ್ತು. ಹತ್ತಿರ ಬರುತ್ತಲೇ ಇರಲಿಲ್ಲ! ಕೊನೆಯ ಸರದಿ ಡಾಕ್ಟರದು. ನಾನು ಅವರ ನಂತರ ಹಾರಲು ಟೋಪಿ ಹಾಕಿಕೊಂಡು ತಯಾರಾಗಿದ್ದೆ. ನೀರು ಆಳವಿಲ್ಲದ ಕಡೆ ಬೋಟು ನಿಂತಿತು, ಅವರು ಮುಂದೆ ಹೋಗಿ ಬಂಡೆಗಳ ಮೇಲೆ ತೆವಳಿ ಹತ್ತಿದರು. ಹಾರ್ನ್ ಕೂಗಿದ್ದೇ ಟೋಪಿ ತೆಗೆದೆ. ನನಗೆ ನಿರಾಸೆಯೇನೂ ಆಗಲಿಲ್ಲ.

ಮರುದಿನ ಡೋವರಿನ ವೈಟ್ ಹಾರ್ಸ್ ಪಬ್ಬಿಗೆ ಹೋದೆವು. ಕಾಲುವೆ ದಾಟಿದವರು ಅಲ್ಲಿನ ಗೋಡೆ, ಚಾವಣಿಯ ಮೇಲೆಲ್ಲ ಹೆಸರು ಬರೆಯುವುದು ರೂಢಿ. ಕುರ್ಚಿ ಹತ್ತಿ ಜಾಗ ಹುಡುಕಿ, ನಾಲ್ವರು ಕನ್ನಡದಲ್ಲಿ, ಇಬ್ಬರು ಇಂಗ್ಲಿಷಿನಲ್ಲಿ ಬರೆದೆವು. ಮಂಗಳೂರಿನವಳ ಹೆಸರನ್ನು ಎಲ್ಲಕ್ಕಿಂತ ಮೇಲೆ ಹಾಕಿದೆವು. ಅವಳಿಗೆ ಹಸಿವೆಯಾಗಿತ್ತು. ಫಿಶ್ ಅಂಡ್ ಚಿಪ್ಸ್ ಎರಡು ಪ್ಲೇಟ್ ಹೇಳಿದಳು, ಯಾರಿಗೂ ಕೊಡಲಿಲ್ಲ.