ಡಿಗ್ರಿ ಮಕ್ಕಳಿಗೆ ರಿಸರ್ಚ್ ಯಾಕೆ ಅಂತ ಕೇಳುವವರಿಗೆ

"ಡಿಗ್ರಿ ಮಕ್ಕಳ ಕೈಲಿ ಅದೇನು ರಿಸರ್ಚ್ ಮಾಡಿಸ್ತೀರಿ ಮೇಡಂ? ಏನು ಪ್ರಯೋಜನ ಅದರಿಂದ?"

ಮಡಿಕೇರಿ ಸಂತೆಯಲ್ಲಿ ಕೇಳುತ್ತಾರೆ. ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ. ಪೋಷಕರ ಸಭೆಯಲ್ಲಂತೂ ಕೇಳದೆ ಬಿಡುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ಇಪ್ಪತ್ತು ವರ್ಷದವರಿಗೆ ವೋಟು ಕೊಟ್ಟಿದ್ದೇವೆ. ತೋಟದ ಜೀಪಿನ ಕೀ ಕೊಡುತ್ತೇವೆ. ಉತ್ತರ ಗೊತ್ತಿಲ್ಲದ ಒಂದು ಪ್ರಶ್ನೆ ಕೈಗೆ ಕೊಟ್ಟರೆ ಮಾತ್ರ "ಇನ್ನೂ ಚಿಕ್ಕವರು" ಅನ್ನುತ್ತೇವೆ. ಮುಂದೆ ನೊಬೆಲ್ ಪಡೆದ ವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಲೇಖನ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದದ್ದು 1929ರಲ್ಲಿ. ಆಗ ಅವರಿನ್ನೂ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಡಿಗ್ರಿ ಓದುತ್ತಿದ್ದರು. ಎಲ್ಲರೂ ಚಂದ್ರಶೇಖರ್ ಆಗುತ್ತಾರಾ ಅಂತ ಕೇಳಬೇಡಿ. ಅಮೆರಿಕದ ಎಂಐಟಿ 1969ರಲ್ಲೇ ಡಿಗ್ರಿ ವಿದ್ಯಾರ್ಥಿಗಳನ್ನು ಪ್ರೊಫೆಸರುಗಳ ಜೊತೆ ಸಂಶೋಧನೆಗೆ ಸೇರಿಸುವ ಕಾರ್ಯಕ್ರಮ ಶುರುಮಾಡಿತು. ಇವತ್ತಿಗೂ ಅದು ನಡೆಯುತ್ತಿದೆ. ಅಲ್ಲಿ ಸೇರುವವರೆಲ್ಲ ನೊಬೆಲ್ ತರುತ್ತಾರೆ ಅಂತ ಯಾರೂ ಕಾದು ಕೂತಿಲ್ಲ.

ಸಿಟ್ಟು ಬಂದದ್ದು ಒಂದು ಪೋಷಕರ ಸಭೆಯಲ್ಲಿ. ಒಬ್ಬ ಅಪ್ಪ ಎದ್ದು ನಿಂತರು. ಕಾಫಿ ತೋಟ ಇರುವವರು, ಒಳ್ಳೆಯವರು. "ನನ್ನ ಮಗಳು ಮಳೆ ಲೆಕ್ಕ ಬರೆಯೋಕೆ ಕಾಲೇಜಿಗೆ ಬರಬೇಕಾ ಮೇಡಂ? ಅದನ್ನ ನಮ್ಮ ತೋಟದ ಲೆಕ್ಕದ ರೈಟರ್ ಬರೀತಾನೆ." ಎಲ್ಲರೂ ನಕ್ಕರು. ಮಗಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಆ ಹುಡುಗಿ ಏನು ಮಾಡುತ್ತಿದ್ದಳು ಅಂತ ಆ ದಿನ ಪೂರ್ತಿ ಹೇಳಲು ಆಗಲಿಲ್ಲ. ಈಗ ಹೇಳುತ್ತೇನೆ.

ಕೊಡಗಿನ ತೋಟಗಳಲ್ಲಿ ಮಳೆ ಪುಸ್ತಕ ಇರುತ್ತದೆ ಅಲ್ವಾ? ದಿನಾ ಬೆಳಿಗ್ಗೆ ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವುದು. ನೂರು ಸೆಂಟ್ ಅಂದರೆ ಒಂದು ಇಂಚು. ಅವಳ ಅಜ್ಜ ಬರೆದ ಪುಸ್ತಕಗಳು ಮನೆಯ ಕಪಾಟಿನಲ್ಲಿದ್ದವು. ಕಾಫಿ ಹೂ ಅರಳಿಸುವ ಹೂಮಳೆ ಮೊದಲಿಗಿಂತ ತಡವಾಗಿ ಬರುತ್ತಿದೆ ಅಂತ ಊರಲ್ಲಿ ಎಲ್ಲರೂ ಹೇಳುತ್ತಾರೆ, ಅದು ನಿಜವಾ? ಇದು ಅವಳ ಪ್ರಶ್ನೆ. ನಾನು ಕೊಟ್ಟದ್ದಲ್ಲ. ರೋಬಸ್ಟಾ ಕಾಫಿ ಬೆಳೆಯುವ ಮನೆಗೆ ಇದು ಸಣ್ಣ ವಿಷಯವೂ ಅಲ್ಲ. ಫೆಬ್ರವರಿ, ಮಾರ್ಚಿನಲ್ಲಿ ಹದವಾಗಿ ಹೂಮಳೆ ಬಿದ್ದು, ಆಮೇಲೆ ಕಾಯಿ ಕಚ್ಚಲು ಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಆ ವರ್ಷದ ಫಸಲೇ ಹೋಯಿತು.

ಮೊದಲು ಸೆಂಟನ್ನೆಲ್ಲ ಮಿಲಿಮೀಟರಿಗೆ ತಿರುಗಿಸಿದಳು. 1 ಇಂಚು 40 ಸೆಂಟ್ ಅಂದರೆ ಸುಮಾರು 35.6 ಮಿಲಿಮೀಟರ್. ಇಷ್ಟು ಯಾರಾದರೂ ಮಾಡುತ್ತಾರೆ. ಆಮೇಲೆ ಪಕ್ಕದ ತೋಟದ ಪುಸ್ತಕ ತಂದು ಜೊತೆಗಿಟ್ಟು ನೋಡಿದಳು. ಒಂದೂ ಹೊಂದುವುದಿಲ್ಲ! ಇಲ್ಲಿ ಹತ್ತನೇ ತಾರೀಕು ಜೋರು ಮಳೆ ಅಂತಿದ್ದರೆ ಅಲ್ಲಿ ಒಂಬತ್ತಕ್ಕೆ. ಅಳುಮುಖ ಮಾಡಿಕೊಂಡು ಬಂದಳು. ಸುಮ್ನೆ ಹೋಗಿ ಬರೆದವರನ್ನೇ ಕೇಳು ಅಂದೆ. ಅವಳ ಅಜ್ಜ ಬೆಳಿಗ್ಗೆ ಅಳೆದದ್ದನ್ನು ಆ ದಿನದ ತಾರೀಕಿಗೇ ಬರೆಯುತ್ತಿದ್ದರು. ಪಕ್ಕದವರು ಹಿಂದಿನ ದಿನಕ್ಕೆ ಬರೆಯುತ್ತಿದ್ದರು. ಎರಡೂ ಸರಿ. ಒಂದು ದಿನ ಸರಿಸಿದ ಮೇಲೆ ಎರಡು ಪುಸ್ತಕವೂ ಹೆಚ್ಚುಕಡಿಮೆ ಕೂಡಿಬಂದವು.

ಆಮೇಲೆ ಸಿಕ್ಕಿದ್ದು ಖಾಲಿ ದಿನಗಳು. ಕೆಲವು ಕಡೆ ಅಜ್ಜ ಸೊನ್ನೆ ಹಾಕಿದ್ದಾರೆ, ಕೆಲವು ಕಡೆ ಏನೂ ಇಲ್ಲ. ಕಂಪ್ಯೂಟರಿಗೆ ಹಾಕುವಾಗ ಅವಳ ಗೆಳತಿ ಖಾಲಿ ಇದ್ದಲ್ಲೆಲ್ಲ ಸೊನ್ನೆ ತುಂಬಿಬಿಟ್ಟಿದ್ದಳು. ಇವಳು ಪಕ್ಕದ ಪುಸ್ತಕ ನೋಡಿದರೆ ಆ ದಿನಗಳಲ್ಲಿ ಕೆಲವಕ್ಕೆ ಒಳ್ಳೆ ಮಳೆಯೇ ಇದೆ. ಅಜ್ಜಿಯನ್ನು ಕೇಳಿದಳು. "ಆವಾಗ ಅಜ್ಜ ಮೈಸೂರಲ್ಲಿ ಆಸ್ಪತ್ರೆಲಿ ಇದ್ದರಲ್ಲ ಮಗಾ" ಅಂದರಂತೆ. ಅಳೆಯುವವರೇ ಇರಲಿಲ್ಲ. ಮಳೆ ಇಲ್ಲ ಅನ್ನುವುದೇ ಬೇರೆ, ಯಾರೂ ನೋಡಲಿಲ್ಲ ಅನ್ನುವುದೇ ಬೇರೆ. ಕೂತು ಗೆಳತಿ ತುಂಬಿದ ಸೊನ್ನೆಗಳನ್ನೆಲ್ಲ ತೆಗೆದಳು.

ಇದನ್ನು ನಾನು ಕ್ಲಾಸಿನಲ್ಲಿ ವರ್ಷವಿಡೀ ಪಾಠ ಮಾಡಿದರೂ ಕಲಿಸಲು ಆಗುತ್ತಿರಲಿಲ್ಲ. ಪ್ರಾಕ್ಟಿಕಲ್ಸ್‌ನಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ರೀಡಿಂಗ್ ಬರದಿದ್ದರೆ ಪಕ್ಕದವರ ರೆಕಾರ್ಡ್ ನೋಡಿ ಬರೆಯುತ್ತಾರೆ. ಇಲ್ಲಿ ನೋಡಿ ಬರೆಯಲು ಯಾರ ರೆಕಾರ್ಡೂ ಇಲ್ಲ.

ಕೊನೆಗೆ ಹೂಮಳೆ ತಡವಾಗಿದೆಯಾ? ಹೇಳಲಾಗದು ಅಂತ ಬರೆದಳು. ಒಂದು ವರ್ಷಕ್ಕೂ ಇನ್ನೊಂದಕ್ಕೂ ತಾರೀಕು ಎಷ್ಟು ಹಿಂದುಮುಂದು ಅಂದರೆ, ಆ ಪುಸ್ತಕಗಳಷ್ಟೇ ಇಟ್ಟುಕೊಂಡು ಹೌದು ಅನ್ನಲೂ ಆಗುವುದಿಲ್ಲ, ಇಲ್ಲ ಅನ್ನಲೂ ಆಗುವುದಿಲ್ಲ. ಊರೆಲ್ಲ ಒಂದು ಮಾತು ಹೇಳುವಾಗ ಎದ್ದು ನಿಂತು "ನನ್ನ ಲೆಕ್ಕದಲ್ಲಿ ಅದು ಕಾಣುತ್ತಿಲ್ಲ" ಅನ್ನಲು ಧೈರ್ಯ ಬೇಕು. ಸೆಮಿನಾರಿನಲ್ಲಿ ಅವಳು ಹೇಳಿದಳು. ನನಗೆ ಎದೆ ತುಂಬಿಬಂತು.

ಕೆಲಸ ಸಿಗುತ್ತಾ ಅಂತ ಕೇಳುತ್ತೀರಿ. ಕೆಲವರಿಗೆ ದಾರಿ ಆಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ಬೇಸಿಗೆ ಫೆಲೋಶಿಪ್ ಕೊಡುತ್ತದೆ. ದೊಡ್ಡ ಸಂಸ್ಥೆಯ ಲ್ಯಾಬಿನಲ್ಲಿ ಎರಡು ತಿಂಗಳು ಕೆಲಸ. ಅರ್ಜಿ ಬರೆಯುವಾಗ ಹೇಳಿಕೊಳ್ಳಲು ಸ್ವಂತದ್ದು ಒಂದಿದ್ದರೆ ಮಾತೇ ಬೇರೆ. ಆದರೆ ಸಮಯವೇ ಇಲ್ಲ. ಹೊಸ ಶಿಕ್ಷಣ ನೀತಿಯಲ್ಲಿ ನಾಲ್ಕನೇ ವರ್ಷ ಸಂಶೋಧನೆಗೆ ಜಾಗ ಇತ್ತು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಆ ಜಗಳಕ್ಕೆ ನಾನು ಬರುವುದಿಲ್ಲ. ಮೂರು ವರ್ಷದೊಳಗೇ ಮಾಡಿಸುತ್ತೇನೆ.

ಮಾಡಿಸಲು ಕೊಡಗಿನಂಥ ಜಾಗ ಇನ್ನೆಲ್ಲಿದೆ ಹೇಳಿ. ಚೆಟ್ಟಳ್ಳಿಯಲ್ಲಿ ಕಾಫಿ ಸಂಶೋಧನಾ ಉಪಕೇಂದ್ರ, ಅಪ್ಪಂಗಳದಲ್ಲಿ ಏಲಕ್ಕಿ, ಪೊನ್ನಂಪೇಟೆಯಲ್ಲಿ ಅರಣ್ಯ ಕಾಲೇಜು. ಚಿಕ್ಕ ಅಳುವಾರದಲ್ಲಿ ನಮ್ಮದೇ ವಿಶ್ವವಿದ್ಯಾಲಯ. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಎಲ್ಲರ ಬಾಯಲ್ಲೂ ಒಂದೇ ಮಾತು, ಯಾವ ಊರಲ್ಲಿ ಎಷ್ಟು ಮಳೆ ಬಿತ್ತು ಅಂತ. ಆ ಲೆಕ್ಕ ಎಷ್ಟೋ ಮನೆಗಳ ಕಪಾಟಿನಲ್ಲೇ ಇದೆ.

ನನ್ನನ್ನು ಕೇಳಲೇಬೇಕು ಅಂತಿದ್ದರೆ ಇದನ್ನು ಕೇಳಿ: "ನಮ್ಮ ತೋಟದ ಮಳೆ ಪುಸ್ತಕ ನಿಮ್ಮ ಮಕ್ಕಳಿಗೆ ಬೇಕಾ?" ಬೇಕು. ಹಳೆಯದಾದಷ್ಟೂ ಒಳ್ಳೆಯದು. ಪುಸ್ತಕ ಕೊಡಲು ಮನಸ್ಸಿಲ್ಲದಿದ್ದರೆ ಪುಟಗಳ ಫೋಟೋ ತೆಗೆದು ಕಳಿಸಿ, ಸಾಕು. ಬೆಳಿಗ್ಗೆ ಅಳೆದದ್ದನ್ನು ಯಾವ ತಾರೀಕಿಗೆ ಬರೆಯುತ್ತಿದ್ದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಜೂನ್‌ಗೆ ಮೊದಲೇ ಕೊಡಿ, ಮಳೆಗಾಲದಲ್ಲಿ ಹೊರಗೆ ತೆಗೆದರೆ ಬೂಷ್ಟು ಹಿಡಿಯುತ್ತದೆ.