ಅಮೆರಿಕದ ಕೇಂದ್ರ ಸರ್ಕಾರದ ದುಡ್ಡಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರಿಗೆ ಸೂಜಿ ಹಂಚುತ್ತೀರಂತೆ, ಹೌದಾ?

ಇಲ್ಲ.

ಇದೇ ಉತ್ತರ. ಇಷ್ಟು ಸಾಕು ಅನ್ನುವವರು ಇಲ್ಲಿಗೇ ಎದ್ದು ಹೋಗಬಹುದು. ಆದರೆ ಈ ಪ್ರಶ್ನೆ ಕೇಳುವವರಿಗೆ 'ಇಲ್ಲ' ಅಂದರೆ ಸಮಾಧಾನ ಆಗುವುದಿಲ್ಲ. ನಾನೇನೋ ಮುಚ್ಚಿಡುತ್ತಿದ್ದೇನೆ ಅನ್ನುವ ಹಾಗೆ ಮುಖ ನೋಡುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಫಾರ್ವರ್ಡ್ ಮಾಡುವುದು.

ನಾನು ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಒಂದು ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಆರೋಗ್ಯ ಇಲಾಖೆಯ ಲೆಕ್ಕ ಬರೆಯುವವಳು. ಡಾಕ್ಟರ್ ಅಲ್ಲ, ನರ್ಸ್ ಅಲ್ಲ, ಸಮಾಜ ಸೇವಕಿಯೂ ಅಲ್ಲ. ಯಾವ ಗ್ರಾಂಟಿನ ದುಡ್ಡು ಯಾವುದಕ್ಕೆ ಹೋಯಿತು ಅಂತ ಆಡಿಟರ್ ಮುಂದೆ ತೋರಿಸುವುದು ನನ್ನ ಕೆಲಸ. ನಮ್ಮ ಇಲಾಖೆ ಸಿರಿಂಜ್ ಸೇವೆಯನ್ನೂ ನಡೆಸುತ್ತದೆ. ಡ್ರಗ್ಸ್ ಚುಚ್ಚಿಕೊಳ್ಳುವವರು ಬಳಸಿದ ಸಿರಿಂಜ್ ತಂದು ಡಬ್ಬಿಗೆ ಹಾಕಿ, ಹೊಸದು ತಗೊಂಡು ಹೋಗುತ್ತಾರೆ. ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಬಳಸಿದರೆ ಎಚ್‌ಐವಿ, ಹೆಪಟೈಟಿಸ್ ಸಿ ಹರಡುತ್ತವೆ. ಅದನ್ನು ತಡೆಯುವುದಕ್ಕೆ ಇದು. ಬಂದವರಿಗೆ ರಕ್ತ ಪರೀಕ್ಷೆ ಇದೆ. ಓವರ್‌ಡೋಸ್ ಆದರೆ ಜೀವ ಉಳಿಸುವ ನಲೋಕ್ಸೋನ್ ಇದೆ. ಬಿಡಬೇಕು ಅನ್ನಿಸಿದವರಿಗೆ ಚಿಕಿತ್ಸೆಗೆ ಎಲ್ಲಿ ಹೋಗಬೇಕು ಅಂತ ಹೇಳಿ ಸೇರಿಸುವವರಿದ್ದಾರೆ.

ಈಗ ನಿಯಮಕ್ಕೆ ಬರುತ್ತೇನೆ. ವಾಷಿಂಗ್ಟನ್ನಿನಿಂದ ಬರುವ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ದುಡ್ಡಿನಲ್ಲಿ ಸಿಬ್ಬಂದಿಯ ಸಂಬಳ ಕೊಡಬಹುದು. ಪರೀಕ್ಷೆಯ ಕಿಟ್ ಕೊಳ್ಳಬಹುದು. ನಲೋಕ್ಸೋನ್ ಕೊಳ್ಳಬಹುದು. ಚರ್ಮ ಒರೆಸುವ ಸ್ಪಿರಿಟ್ ಪ್ಯಾಡ್, ಹತ್ತಿ, ಶುದ್ಧ ನೀರು, 2025ರ ಜುಲೈವರೆಗೆ ಎಲ್ಲಾ ಸರಿ ಇತ್ತು. 2021ರ ಏಪ್ರಿಲ್‌ನಲ್ಲಿ ಡ್ರಗ್ಸ್‌ನಲ್ಲಿ ಫೆಂಟನಿಲ್ ಅನ್ನುವ ಬಲು ತೀವ್ರ ಮಾದಕ ಬೆರೆತಿದೆಯಾ ಅಂತ ಪತ್ತೆ ಮಾಡುವ ಟೆಸ್ಟ್ ಸ್ಟ್ರಿಪ್‌ಗೂ ಒಪ್ಪಿಗೆ ಸಿಕ್ಕಿತು. ಸೂಜಿ, ಸಿರಿಂಜ್ ಮಾತ್ರ ಕೊಳ್ಳುವ ಹಾಗಿಲ್ಲ. ಡ್ರಗ್ಸ್ ಕರಗಿಸುವ ಪುಟ್ಟ ಬಟ್ಟಲೂ ಇಲ್ಲ. ಅಂದರೆ ಹತ್ತಿ ಆರೋಗ್ಯ, ಬಟ್ಟಲು ಅಪರಾಧ. ಬಳಸಿದ ಸೂಜಿಯನ್ನು ಸುರಕ್ಷಿತವಾಗಿ ಎಸೆಯುವುದಕ್ಕೆ ಫೆಡರಲ್ ಸರ್ಕಾರ ದುಡ್ಡು ಕೊಡುತ್ತದೆ, ಹೊಸದು ಕೊಳ್ಳುವುದಕ್ಕೆ ಕೊಡುವುದಿಲ್ಲ. ಸಿರಿಂಜ್ ಸೇವೆಯಲ್ಲಿ ಸಿರಿಂಜ್‌ಗೇ ದುಡ್ಡಿಲ್ಲ! ಸೂಜಿ ಬಂದ ಪಾರ್ಸೆಲ್‌ನ ಸಾಗಣೆ ಖರ್ಚನ್ನು ಯಾವ ಖಾತೆಗೆ ಬರೆಯುವುದು ಅಂತ ನಮ್ಮಲ್ಲಿ ಮೀಟಿಂಗ್ ಆಗಿದೆ. ನಾನು ತಮಾಷೆ ಮಾಡುತ್ತಿಲ್ಲ.

ಹಾಗಾದ್ರೆ ಜನ ಯಾಕೆ ಹೀಗೆ ಕೇಳುತ್ತಾರೆ? ನನಗೆ ಗೊತ್ತಿಲ್ಲ. ಆದರೆ 'ಕೇಳುವುದು' ಅಂದರೆ ಹೇಗಿರುತ್ತದೆ ಅಂತ ಹೇಳಬಲ್ಲೆ. ಊರಿಗೆ ಬಂದಿದ್ದಾಗ ಹಾಸನದಲ್ಲಿ ನೆಂಟರ ಮನೆ ಗೃಹಪ್ರವೇಶ ಇತ್ತು. ಊಟದ ಸಾಲಿನಲ್ಲಿ ನನ್ನ ಎದುರಿಗೆ ಒಬ್ಬರು ರಿಟೈರ್ಡ್ ಬ್ಯಾಂಕ್ ಮ್ಯಾನೇಜರ್. ಕೋಸಂಬರಿ ಇನ್ನೂ ಎಲೆಗೆ ಬಿದ್ದಿರಲಿಲ್ಲ. "ಏನಮ್ಮಾ, ಅಮೆರಿಕದಲ್ಲಿ ಕುಡುಕರಿಗೆ ಗ್ಲಾಸ್ ಸಪ್ಲೈ ಮಾಡೋ ಕೆಲಸವಂತೆ?" ಅಂದರು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ. ನಗದಿದ್ದರೆ 'ಅಮೆರಿಕಕ್ಕೆ ಹೋಗಿ ಜಂಭ ಬಂದಿದೆ' ಅನ್ನುತ್ತಾರಲ್ಲ. "ಗ್ಲಾಸ್‌ಗೆ ನಮ್ಮಲ್ಲಿ ದುಡ್ಡಿಲ್ಲ ಅಂಕಲ್, ಟೇಬಲ್ ಒರೆಸೋಕೆ ಮಾತ್ರ ಇದೆ" ಅಂದೆ. ಅವರಿಗೆ ಅರ್ಥವಾಗಲಿಲ್ಲ. "ನಮ್ಮ ದೇಶದಲ್ಲಿ ಇಂಥದ್ದೆಲ್ಲ ನಡೆಯಲ್ಲ ಬಿಡು" ಅಂತ ತೀರ್ಪು ಕೊಟ್ಟರು.

ನಡೆಯುತ್ತದೆ! ಚೆನ್ನಾಗಿಯೇ ನಡೆಯುತ್ತದೆ. ಭಾರತದಲ್ಲಿ ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಸರ್ಕಾರದ ಕಾರ್ಯಕ್ರಮದಲ್ಲೇ ಸೂಜಿ, ಸಿರಿಂಜ್ ಕೊಡಿಸುತ್ತದೆ. ಮಣಿಪುರದಲ್ಲಿ ಇದು ಎಷ್ಟೋ ವರ್ಷಗಳಿಂದ ಇದೆ. 2017ರ ಎಚ್‌ಐವಿ ಕಾಯ್ದೆಯ 22ನೇ ಸೆಕ್ಷನ್, ಸೋಂಕು ತಡೆಯಲು ಇಂಥ ಕೆಲಸ ಮಾಡುವವರನ್ನು ಅಪರಾಧಿಗಳಾಗಿ ನೋಡಬಾರದು ಅನ್ನುತ್ತದೆ. ಅಮೆರಿಕದ ಫೆಡರಲ್ ಸರ್ಕಾರ ಕೈ ಹಾಕದ ಖರ್ಚಿಗೆ ನಮ್ಮ ಸರ್ಕಾರ ಕೈ ಹಾಕಿದೆ. ಇದನ್ನೆಲ್ಲ ಹೇಳುವಷ್ಟರಲ್ಲಿ ಅಂಕಲ್ ಪಾಯಸಕ್ಕೆ ದೊನ್ನೆ ಹಿಡಿದಿದ್ದರು.

ನನಗೆ ಬೇಜಾರಾಗಿದ್ದು ಗ್ಲಾಸಿನ ಮಾತಿಗಲ್ಲ. ಜೀವನಪೂರ್ತಿ ಸಾಲ ಮಂಜೂರು ಮಾಡಿದ ಮನುಷ್ಯ. ಅವರಾದರೂ ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ಈ ದುಡ್ಡು ಪಡೆಯಲು ಅರ್ಹತೆ ಏನು? ಯಾವ ಊರಿಗೆ ಸಿಗುತ್ತದೆ?

ಅದನ್ನು ಯಾರೂ ಕೇಳುವುದಿಲ್ಲ. ಕೇಳಿದ್ದೀರಿ ಅಂತ ಅಂದುಕೊಂಡು ಹೇಳುತ್ತೇನೆ.

1988ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಈ ಕೆಲಸಕ್ಕೆ ಫೆಡರಲ್ ದುಡ್ಡು ಕೊಡಬಾರದು ಅಂತ ನಿಷೇಧ ಹಾಕಿತು. 1998ರಲ್ಲಿ ಆರೋಗ್ಯ ಕಾರ್ಯದರ್ಶಿ ಡೊನ್ನಾ ಶಲೇಲಾ, ಇದರಿಂದ ಎಚ್‌ಐವಿ ಕಡಿಮೆಯಾಗುತ್ತದೆ, ಡ್ರಗ್ಸ್ ಬಳಕೆ ಹೆಚ್ಚುವುದಿಲ್ಲ ಅಂತ ಸರ್ಕಾರದ ಪರವಾಗಿಯೇ ಹೇಳಿದರು. ಹೇಳಿ, ದುಡ್ಡು ಮಾತ್ರ ಕೊಡಲಿಲ್ಲ. ಅದೇ ವರ್ಷ ವಾಷಿಂಗ್ಟನ್ ಡಿಸಿ ತನ್ನ ಸ್ವಂತ ತೆರಿಗೆ ದುಡ್ಡನ್ನೂ ಇದಕ್ಕೆ ಬಳಸಬಾರದು ಅಂತ ಕಾಂಗ್ರೆಸ್ ಕಟ್ಟಿಹಾಕಿತು. ಆ ಗಂಟು ಬಿಚ್ಚಲು 2007ರ ಕೊನೆಯವರೆಗೆ ಕಾಯಬೇಕಾಯಿತು. ಒಬಾಮಾ ಕಾಲದಲ್ಲಿ, 2009ರ ಡಿಸೆಂಬರ್‌ನಲ್ಲಿ, ದೇಶದ ನಿಷೇಧವೂ ಹೋಯಿತು. ಎರಡೇ ವರ್ಷಕ್ಕೆ ವಾಪಸ್ ಬಂತು.

ಆಮೇಲೆ ಇಂಡಿಯಾನಾದ ಸ್ಕಾಟ್ ಕೌಂಟಿ. ಕೆಂಟಕಿಯ ಲೂಯಿವಿಲ್‌ನಿಂದ ಕಾರಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ. ಅಲ್ಲಿ ಆಸ್ಟಿನ್ ಅಂತ ಸುಮಾರು 4,200 ಜನರ ಪುಟ್ಟ ಊರು. ಇಡೀ ಕೌಂಟಿಯಲ್ಲಿ ವರ್ಷಕ್ಕೆ 5 ಹೊಸ ಎಚ್‌ಐವಿ ಪ್ರಕರಣವೂ ಇರುತ್ತಿರಲಿಲ್ಲ. ಓಪಾನಾ ಅನ್ನುವ ನೋವಿನ ಮಾತ್ರೆಯನ್ನು ಕರಗಿಸಿ, ಒಂದೇ ಸೂಜಿಯಲ್ಲಿ ಹಲವರು ಚುಚ್ಚಿಕೊಳ್ಳುತ್ತಿದ್ದರು. 2015 ಮುಗಿಯುವಷ್ಟರಲ್ಲಿ ಪ್ರಕರಣಗಳು 180 ದಾಟಿದವು. ಆಗ ಅಲ್ಲಿ ಮೈಕ್ ಪೆನ್ಸ್ ಗವರ್ನರ್. ಅವರು ಸೂಜಿ ವಿನಿಮಯದ ವಿರೋಧಿ. ಮಾರ್ಚ್ 26ರಂದು ಅವರೇ ತುರ್ತು ಪರಿಸ್ಥಿತಿ ಸಾರಿ, ಆ ಕೌಂಟಿಗೆ ಅನುಮತಿ ಕೊಡಬೇಕಾಯಿತು.

ಅದೇ ವರ್ಷದ ಡಿಸೆಂಬರ್‌ನಲ್ಲಿ, ಸೂಜಿಗೆ ಇಲ್ಲ, ಉಳಿದ ಸೇವೆಗೆ ಸರಿ ಅನ್ನುವ ಈಗಿನ ನಿಯಮ ಬಂತು. ಆಗ ಕಾಂಗ್ರೆಸ್‌ನ ಕೆಳಮನೆಯಾದ ಹೌಸ್‌ನಲ್ಲಿ ದುಡ್ಡು ಹಂಚುವ ಸಮಿತಿಯ ಅಧ್ಯಕ್ಷರು ನಮ್ಮ ಪೂರ್ವ ಕೆಂಟಕಿಯ ಹ್ಯಾಲ್ ರೋಜರ್ಸ್. ರಿಪಬ್ಲಿಕನ್. ಮರುವರ್ಷ ಫೆಡರಲ್ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಇಂಥ ಸೋಂಕು ಬೇಗ ಹರಡಬಹುದಾದ 220 ಕೌಂಟಿಗಳನ್ನು ಗುರುತಿಸಿತು. ಅದರಲ್ಲಿ 54 ಕೆಂಟಕಿಯವೇ. ತಮ್ಮ ಮನೆ ಬಾಗಿಲಿಗೆ ಬಂದಾಗ ಸಿದ್ಧಾಂತ ಸ್ವಲ್ಪ ಸಡಿಲವಾಗುತ್ತದೆ, ಅಲ್ವಾ? ನಾನು ಬೈಯುತ್ತಿಲ್ಲ. ಸಡಿಲವಾಯಿತಲ್ಲ, ಅಷ್ಟು ಸಾಕು.

ಅರ್ಹತೆ ಏನು ಅಂದರೆ, ಮೊದಲು ಆರೋಗ್ಯ ಇಲಾಖೆ ಸಿಡಿಸಿ ಜೊತೆ ಮಾತಾಡಿ, 'ಸೂಜಿಯಿಂದಾಗಿ ನಮ್ಮಲ್ಲಿ ಹೆಪಟೈಟಿಸ್ ಅಥವಾ ಎಚ್‌ಐವಿ ಏರುತ್ತಿದೆ, ಇಲ್ಲವೇ ಏರುವ ಅಪಾಯವಿದೆ' ಅಂತ ಅಂಕಿಅಂಶ ಇಟ್ಟು ತೋರಿಸಬೇಕು. ಕೇಳಲು ಸರಿಯಾಗಿಯೇ ಇದೆ. ಆದರೆ ಸೋಂಕಿನ ಅಂಕಿ ಬರುವುದು ಪರೀಕ್ಷೆಯಿಂದ. ಪರೀಕ್ಷೆ ಮಾಡಿಸಲು ದುಡ್ಡು ಬೇಕು, ಮಾಡಿಸಿಕೊಳ್ಳಲು ಜನ ಬರಬೇಕು. ಸೂಜಿ ಸಿಗದ ಜಾಗಕ್ಕೆ ಅವರು ಯಾಕೆ ಬರುತ್ತಾರೆ? ಓವರ್‌ಡೋಸ್ ಸಾವಿನ ಲೆಕ್ಕವನ್ನೂ ಇಡಬಹುದು ಅನ್ನಿ. ಅಂದರೆ ಊರು ಸಾಕಷ್ಟು ಕೆಟ್ಟಿದೆ ಅಂತ ರುಜುವಾತು ಮಾಡಿದ ಮೇಲೆ ದುಡ್ಡು. ಕೆಂಟಕಿಯಲ್ಲಿ ಇದರ ಜೊತೆಗೆ 2015ರ ರಾಜ್ಯ ಕಾನೂನಿನಂತೆ ಕೌಂಟಿಯ ಆರೋಗ್ಯ ಮಂಡಳಿ, ಕೌಂಟಿ ಆಡಳಿತ, ನಗರಸಭೆ, ಮೂವರ ಒಪ್ಪಿಗೆಯೂ ಬೇಕು.

ಸ್ಕಾಟ್ ಕೌಂಟಿಯ ಕಥೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಹೊಸ ಪ್ರಕರಣಗಳು ಇಳಿದವು. ಇಳಿದ ಮೇಲೆ, 2021ರ ಜೂನ್‌ನಲ್ಲಿ, ಅಲ್ಲಿನ ಕಮಿಷನರ್‌ಗಳು ಇನ್ನು ಈ ಸೇವೆ ಬೇಡ ಅಂತ 2–1ರಲ್ಲಿ ಮತ ಹಾಕಿದರು.

ಲೆಕ್ಕದವಳಾಗಿ ನನಗೆ ಹೊಟ್ಟೆ ಉರಿಯುವುದು ಇಲ್ಲೇ. ಸಗಟಿನಲ್ಲಿ ಒಂದು ಸಿರಿಂಜ್‌ಗೆ ಕೆಲವು ಸೆಂಟ್. ಒಬ್ಬರಿಗೆ ಎಚ್‌ಐವಿ ಬಂದರೆ ಜೀವನಪೂರ್ತಿ ಚಿಕಿತ್ಸೆಗೆ 4 ಲಕ್ಷ ಡಾಲರಿಗೂ ಜಾಸ್ತಿ. ಅದರಲ್ಲಿ ಬಹಳಷ್ಟನ್ನು ಕಟ್ಟುವುದು ಇದೇ ಸರ್ಕಾರ. ಆ ಬಿಲ್ಲಿಗೆ ಯಾರೂ ತಕರಾರು ಮಾಡುವುದಿಲ್ಲ.

ಹಾಗಾದ್ರೆ ಸೂಜಿಗೆ ದುಡ್ಡು ಎಲ್ಲಿಂದ? ರಾಜ್ಯ, ಕೌಂಟಿ, ದಾನಿಗಳು. ಈಗ ಇನ್ನೊಂದು ಮೂಲವೂ ಇದೆ. ನೋವಿನ ಮಾತ್ರೆಗಳನ್ನು ಬೇಕಾಬಿಟ್ಟಿ ಹರಿಯಬಿಟ್ಟಿದ್ದಕ್ಕೆ ಔಷಧ ಕಂಪನಿಗಳು ಕೋರ್ಟಿನ ಹೊರಗೆ ಒಪ್ಪಿಕೊಂಡ ಪರಿಹಾರ. ಅದರಲ್ಲಿ ದೊಡ್ಡದು 26 ಬಿಲಿಯನ್ ಡಾಲರಿನದು, ಮತ್ತು ಸಿರಿಂಜ್ ಸೇವೆ ಅದರ ಖರ್ಚಿನ ಪಟ್ಟಿಯಲ್ಲೇ ಇದೆ.

2025ರ ಜುಲೈನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ವ್ಯಸನ ಮತ್ತು ಮಾನಸಿಕ ಆರೋಗ್ಯ ನೋಡಿಕೊಳ್ಳುವ ಫೆಡರಲ್ ಇಲಾಖೆ ಸ್ಯಾಮ್ಸಾದ ಗ್ರಾಂಟುಗಳ ಕಡೆ ಬೆರಳು ತೋರಿಸಿದೆ. ಡ್ರಗ್ಸ್ ಬಳಕೆಗೆ ಅನುಕೂಲ ಮಾಡಿಕೊಡುವಂಥ 'ಹಾನಿ ತಗ್ಗಿಸುವ' ಕೆಲಸಕ್ಕೆ ಅವು ಹೋಗಬಾರದಂತೆ. ಯಾವುದು ಅನುಕೂಲ, ಯಾವುದು ಆರೋಗ್ಯ ಅಂತ ಈಗ ಒಂದೊಂದೇ ಬಿಲ್ಲು ತೆಗೆದು ಮತ್ತೆ ವಿಂಗಡಿಸಬೇಕು. ಹತ್ತಿಯಿಂದ ಶುರು ಮಾಡಿದ್ದೇನೆ.