ಜೀನ್ ಜುಗಾನ್ ಏಕೆ ಸುಮ್ಮನಿದ್ದರು ಎಂದು ಕೇಳುವವರಿಗೆ

ಬಡ ವೃದ್ಧರನ್ನು ನೋಡಿಕೊಳ್ಳುವ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘವಾದ ‘ಬಡವರ ಕಿರಿಯ ಸಹೋದರಿಯರ ಸಭೆ’ಯ ಚರಿತ್ರೆಯನ್ನು ಎಲ್ಲಿ ಹೇಳಿದರೂ ಕೊನೆಗೆ ಬರುವುದು ಒಂದೇ ಪ್ರಶ್ನೆ: ತಾವೇ ಕಟ್ಟಿದ ಸಭೆಯಲ್ಲಿ ತಮ್ಮನ್ನು ಮೂಲೆಗುಂಪು ಮಾಡಿದಾಗ ಜೀನ್ ಜುಗಾನ್ ಏಕೆ ಸುಮ್ಮನಿದ್ದರು? ಇದಕ್ಕೆ ಬಾಯಲ್ಲಿ ಉತ್ತರಿಸುವ ತಾಳ್ಮೆ ನನಗೆ ಉಳಿದಿಲ್ಲ.

ನಡೆದದ್ದನ್ನು ಮೊದಲು ಹೇಳುತ್ತೇನೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಸೇಂಟ್ ಸರ್ವಾನ್ ಎಂಬ ಊರಿನಲ್ಲಿ, 1839ರ ಚಳಿಗಾಲದಲ್ಲಿ, ದುಡಿದು ತಿನ್ನುತ್ತಿದ್ದ ಜೀನ್, ಕಣ್ಣು ಕಾಣದ, ಅಂಗ ಸ್ವಾಧೀನ ತಪ್ಪಿದ ಆನ್ ಶೋವೆನ್ ಎಂಬ ವೃದ್ಧೆಯನ್ನು ಮನೆಗೆ ಹೊತ್ತು ತಂದು, ತಮ್ಮ ಹಾಸಿಗೆಯನ್ನು ಆಕೆಗೆ ಬಿಟ್ಟುಕೊಟ್ಟು, ತಾವು ಅಟ್ಟದಲ್ಲಿ ಮಲಗಿದರು. ಸಭೆ ಹುಟ್ಟಿದ್ದು ಹಾಗೆ. 1843ರ ಡಿಸೆಂಬರಿನಲ್ಲಿ, ಈ ಕೆಲಸಕ್ಕೆ ಜೊತೆಗೂಡಿದ್ದ ಸಂಗಾತಿಯರು ಜೀನ್ ಅವರನ್ನೇ ಮತ್ತೆ ಮುಖ್ಯಸ್ಥೆಯಾಗಿ ಆರಿಸಿದರು. ಅವರಿಗೆ ಮಾರ್ಗದರ್ಶಕರಾಗಿದ್ದ ಧರ್ಮಗುರು ಲೆ ಪಯ್ಯೂರ್ ಕೆಲವೇ ದಿನಗಳಲ್ಲಿ ಅದನ್ನು ರದ್ದುಮಾಡಿ, ಇನ್ನೂ ಎಳೆಯ ವಯಸ್ಸಿನ ಮೇರಿ ಜಾಮೆ ಎಂಬ ಸಂಗಾತಿಯನ್ನು ನೇಮಿಸಿದರು. 1852ರಲ್ಲಿ ಜೀನ್ ಅವರನ್ನು ಸಭೆಯ ಕೇಂದ್ರವಾದ ಮಾತೃಮಠಕ್ಕೆ ಕರೆಸಿ ಹೊರಗಿನ ಕೆಲಸವನ್ನೂ ನಿಲ್ಲಿಸಲಾಯಿತು. 1879ರಲ್ಲಿ ಅವರು ತೀರಿಕೊಂಡಾಗ, ಸಭೆಯನ್ನು ಸ್ಥಾಪಿಸಿದವರು ಅವರೇ ಎಂಬುದು ಎಷ್ಟೋ ಮಂದಿ ಕಿರಿಯ ಸಹೋದರಿಯರಿಗೆ ಗೊತ್ತಿರಲಿಲ್ಲ.

ಒಮ್ಮೆ ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಹಿರಿಯರೊಬ್ಬರು, "ಪಾಪ, ಮನೆಗೆಲಸದ ಹೆಂಗಸು, ಏನಾಗುತ್ತಿದೆ ಎಂದು ತಿಳಿದಿರಲಿಕ್ಕಿಲ್ಲ" ಎಂದರು. ಆ "ಪಾಪ"ವನ್ನು ನಾನು ಇಂದಿಗೂ ಕ್ಷಮಿಸಿಲ್ಲ. "ನನ್ನ ಕೆಲಸವನ್ನು ನೀವು ಕದ್ದಿರಿ, ಆದರೂ ಮನಸಾರೆ ಅದನ್ನು ನಿಮಗೆ ಬಿಟ್ಟುಕೊಡುತ್ತೇನೆ" ಎಂದು ಆ ಗುರುವಿಗೇ ಹೇಳಿದವರೆಂದು ಚರಿತ್ರೆ ನೆನೆಯುವುದು ಈ ಮನೆಗೆಲಸದ ಹೆಂಗಸನ್ನೇ. ಸುಮ್ಮನಿದ್ದವರು ಬೇರೆಯವರು. 1845ರಲ್ಲಿ ಫ್ರೆಂಚ್ ಅಕಾಡೆಮಿ ಸತ್ಕಾರ್ಯಕ್ಕೆ ಕೊಡುವ 3000 ಫ್ರಾಂಕುಗಳ ಮೊಂತ್ಯೋ ಬಹುಮಾನವನ್ನು ಜೀನ್ ಹೆಸರಿಗೇ ಕೊಟ್ಟಿತ್ತು, ಅಂದರೆ ಸತ್ಯ ಬಹಿರಂಗವಾಗಿಯೇ ಇತ್ತು. ಹಾಗಿದ್ದೂ ಸಭೆಯ ಚರಿತ್ರೆಯಲ್ಲಿ ಅವರ ಸ್ಥಾನವನ್ನು ಕೆಳಕ್ಕೆ ತಳ್ಳಿ ಬರೆದವರನ್ನು, ಬರೆದದ್ದನ್ನು ಓದಿ ತೆಪ್ಪಗಿದ್ದವರನ್ನು ಯಾರೂ ಪ್ರಶ್ನಿಸುವುದಿಲ್ಲ. ರೋಮ್ ಆ ಗುರುವನ್ನು ಅಧಿಕಾರದಿಂದ ಇಳಿಸಿದ್ದು 1890ರಲ್ಲಿ, ಜೀನ್ ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ. ಜೀನ್ ಅವರನ್ನು ಸಂತರೆಂದು ಘೋಷಿಸಿದ್ದು 2009ರಲ್ಲಿ.

ನನ್ನನ್ನು ಕೇಳಬೇಕಾದದ್ದು, ಸಭೆ ಸಾಕುತ್ತಿದ್ದ ಅಷ್ಟು ಮಂದಿ ವೃದ್ಧರಿಗೆ ಅನ್ನ ಎಲ್ಲಿಂದ ಬರುತ್ತಿತ್ತು ಎಂಬುದನ್ನು. ಆ ವೃದ್ಧರಲ್ಲಿ ಹಲವರು ಭಿಕ್ಷೆ ಬೇಡಿ ಬದುಕಿದವರು. ಯಾವ ಯಾವ ಮನೆಯವರು ನಿಮಗೆ ಕೊಡುತ್ತಿದ್ದರು ಎಂದು ಜೀನ್ ಆ ವೃದ್ಧರನ್ನೇ ಕೇಳಿ ತಿಳಿದುಕೊಂಡು, ಅವರ ಬದಲಿಗೆ ತಾವು ಬುಟ್ಟಿ ಹಿಡಿದು ಆ ಬಾಗಿಲುಗಳಿಗೆ ಹೋದರು. ಮುದುಕರು ಇನ್ನು ಕೈಯೊಡ್ಡಬೇಕಾಗಿರಲಿಲ್ಲ, ಕೊಡುವವರ ಅಭ್ಯಾಸವೂ ತಪ್ಪಲಿಲ್ಲ. ಇಷ್ಟು ಸೂಕ್ಷ್ಮವಾದ ವ್ಯವಸ್ಥೆಯನ್ನು ಯೋಚಿಸಿದವರು ಏನೂ ತಿಳಿಯದವರೇ? ಒಬ್ಬ ಮನುಷ್ಯ ಕೆನ್ನೆಗೆ ಹೊಡೆದಾಗ, ಇದು ನನಗಾಯಿತು, ಈಗ ನನ್ನ ಬಡವರಿಗೆ ಏನಾದರೂ ಕೊಡಿ ಎಂದರಂತೆ. 1865ರಲ್ಲಿ ಸಭೆ ಸ್ಥಿರ ಆದಾಯವನ್ನು ಒಪ್ಪಿಕೊಳ್ಳಬಹುದೇ ಎಂಬ ಚರ್ಚೆ ಎದ್ದಾಗ, ಬದಿಗೆ ಸರಿಸಿದ್ದ ಅದೇ ಜೀನ್ ಅವರ ಅಭಿಪ್ರಾಯ ಕೇಳಬೇಕಾಯಿತು. ಬೇಡ ಎಂದರು. ಸಭೆ ಹಾಗೆಯೇ ತೀರ್ಮಾನಿಸಿತು, ಸಹೋದರಿಯರು ಇಂದಿಗೂ ಬೇಡಲು ಹೋಗುತ್ತಾರೆ. ಇದರ ಬಗ್ಗೆ ಕೇಳಿ, ಎಷ್ಟು ಹೊತ್ತಾದರೂ ಕುಳಿತು ಹೇಳುತ್ತೇನೆ.